ಪೂರ್ತಿ ಸಂಬಳದ ಪತ್ರ

ಏಳನೇ ತಾರೀಖು ಬಂತೆಂದರೆ ಮಕರಪುರದ ಆ ಕಾರ್ಖಾನೆಯಲ್ಲಿ ಊಟದ ಗಂಟೆ ಹೊಡೆಯುವ ಮೊದಲೇ ಸಂಬಳದ ಕಿಟಕಿಯ ಮುಂದೆ ಸಾಲು ಬೆಳೆಯುತ್ತಿತ್ತು. ಕಿಟಕಿಯ ಒಳಗೆ ಮೇದಿನಿ ಕೂತಿರುತ್ತಿದ್ದಳು. ಒಬ್ಬೊಬ್ಬರ ಹೆಸರು ಕೂಗಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಲಕೋಟೆ ಕೊಡುವುದು ಅವಳ ಕೆಲಸ. ರೈಲ್ವೆಯಲ್ಲಿದ್ದ ಗಂಡ ಸುಬ್ರಹ್ಮಣ್ಯನಿಗೆ ವರ್ಗವಾಗಿ ಮೈಸೂರಿನಿಂದ ವಡೋದರಾಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಕಾರ್ಮಿಕರಿಗೆಲ್ಲ ಅವಳು ‘ಮೇದಿನಿ ಬೆನ್’, ಎಂದರೆ ಮೇದಿನಿ ಅಕ್ಕ. ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆಗದು ಎಂಬ ನಂಬಿಕೆ ಎಲ್ಲರಿಗೂ ಇತ್ತು.

1996ರ ಆಗಸ್ಟ್ ತಿಂಗಳ ಸಂಬಳದ ದಿನ, ಸಾಲು ಕರಗಿದ ಮೇಲೆ ಅನಿಲ್ ಒಳಗೆ ಬಂದು ಕುರ್ಚಿ ಎಳೆದುಕೊಂಡ. ಟೆಸ್ಟಿಂಗ್ ವಿಭಾಗದ ಇಂಜಿನಿಯರ್, ಕನ್ನಡದವನೇ. ಆ ಊರಿನಲ್ಲಿ ಮೇದಿನಿಯ ಕುಟುಂಬಕ್ಕೆ ಇದ್ದ ಒಬ್ಬನೇ ಆಪ್ತ.

“ಒಂದು ಸಂಬಳದ ಸರ್ಟಿಫಿಕೇಟ್ ಬೇಕಾಗಿತ್ತು ಮೇದಿನಿಯವರೇ. ಕೋರ್ಟಿಗೆ.”

ವಿಷಯ ಅವಳಿಗೆ ಗೊತ್ತಿತ್ತು. ಅನಿಲ್ ಮತ್ತು ತಾರಾ ಬೇರೆಯಾಗಿ ಮೂರು ವರ್ಷ. ತಾರಾ ಒಂಬತ್ತು ವರ್ಷದ ಮಗಳು ಮನಸ್ವಿನಿಯೊಂದಿಗೆ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿದ್ದಳು. ವಿಮಾ ಕಚೇರಿಯಲ್ಲಿ ಕೆಲಸ. ಅನಿಲ್ ತಿಂಗಳಿಗೆ ನಾನೂರು ರೂಪಾಯಿ ಕಳಿಸುತ್ತಿದ್ದ. ಅದು ಸಾಲದೆಂದು ತಾರಾ ಈಗ ಅರ್ಜಿ ಹಾಕಿದ್ದಳು.

“ಬೇಸಿಕ್ ಮಾತ್ರ ಬರೆದುಕೊಡಿ, ಸಾಕು. ಮೂರು ಸಾವಿರದ ನೂರು. ಸುಳ್ಳೇನೂ ಅಲ್ಲವಲ್ಲ,” ಎಂದ ಅನಿಲ್.

“ಡಿ.ಎ., ಮನೆ ಬಾಡಿಗೆ ಭತ್ಯೆ, ಓವರ್‌ಟೈಮ್? ಎಲ್ಲ ಸೇರಿದರೆ ಎಂಟೂವರೆ ದಾಟುತ್ತೆ.”

“ಅವಳು ಅರ್ಜಿಯಲ್ಲಿ ನನಗೆ ಹನ್ನೆರಡು ಸಾವಿರ ಸಂಬಳ ಅಂತ ಬರೆಸಿದ್ದಾಳೆ! ಅವಳು ಹೆಚ್ಚು ಬರೆಸಿದರೆ ನಾನು ಕಮ್ಮಿ ಬರೆಸ್ತೀನಿ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಜಡ್ಜ್ ನಿಲ್ಲಿಸ್ತಾರೆ.” ಅನಿಲ್‌ನ ದನಿ ಏರಿತು. “ಮಗು ಮುಖ ನೋಡೋಣ ಅಂತ ಅಷ್ಟು ದೂರ ಹೋದರೆ, ಟ್ಯೂಷನ್ ಇದೆ ಅಂತ ಬಾಗಿಲಿಂದಲೇ ವಾಪಸ್ ಕಳಿಸ್ತಾಳೆ. ನೋಡೋಕೇ ಬಿಡದ ಮಗಳಿಗೆ ಎಷ್ಟು ಅಂತ ಕೊಡಲಿ, ನೀವೇ ಹೇಳಿ.”

ಮೇದಿನಿ ರಿಜಿಸ್ಟರ್ ಮುಚ್ಚಿದಳು. “ಸೋಮವಾರ ಬನ್ನಿ” ಎಂದಷ್ಟೇ ಅಂದಳು.

ಸಂಜೆ ಮನೆಯಲ್ಲಿ ವಿಷಯ ತೆಗೆದಾಗ ಸುಬ್ರಹ್ಮಣ್ಯನಿಗೆ ಆಶ್ಚರ್ಯವಾಯಿತು. “ಇದರಲ್ಲಿ ಯೋಚನೆ ಮಾಡೋದೇನಿದೆ? ಕೇಳಿದಷ್ಟು ಬರೆದುಕೊಡು. ನನಗೆ ಆಪರೇಷನ್ ಆದಾಗ ಒಂಬತ್ತು ದಿನ ಆಸ್ಪತ್ರೆ ಬೆಂಚಿನ ಮೇಲೆ ಮಲಗಿದ್ದೋನು ಅವನು. ರಕ್ತಾನೂ ಕೊಟ್ಟಿದಾನೆ. ಮರೆತುಬಿಟ್ಟೆಯಾ?”

“ಮರೆತಿಲ್ಲ ರೀ. ಆ ಋಣ ನಮ್ಮದು. ಅದನ್ನ ಆ ಮಗುವಿನ ತಟ್ಟೆಯಿಂದ ತೆಗೆದು ತೀರಿಸೋಕಾಗುತ್ತಾ?”

“ಯಾರದೋ ಸಂಸಾರ. ನಾವ್ಯಾಕೆ ಕೈ ಹಾಕಬೇಕು?”

“ಅರ್ಧ ಬರೆದುಕೊಟ್ಟರೆ ಆಗಲೇ ಕೈ ಹಾಕಿದ ಹಾಗಾಯಿತಲ್ಲ?”

ಸುಬ್ರಹ್ಮಣ್ಯ ಪೇಪರ್ ಎತ್ತಿಕೊಂಡು ಮುಖ ಮರೆಸಿಕೊಂಡ. ಮೇದಿನಿಯ ಮನಸ್ಸನ್ನು ಕೊರೆಯುತ್ತಿದ್ದುದು ಬೇರೊಂದು ವಿಷಯ. ನಾಲ್ಕು ವರ್ಷದ ಹಿಂದೆ ಸ್ಟೋರ್ಸಿನ ನೌಕರನೊಬ್ಬ ಹೀಗೇ ಬಂದು ಕೇಳಿದ್ದ. ಕೆಲಸದ ಅವಸರದಲ್ಲಿ ಬೇಸಿಕ್ ಅಷ್ಟೇ ಬರೆದು ಸಹಿ ಮಾಡಿ ಕೊಟ್ಟಿದ್ದಳು. ಆ ಕಾಗದ ಎಲ್ಲಿಗೆ ಹೋಯಿತು, ಅದನ್ನು ನಂಬಿ ಯಾರಿಗೆ ಎಷ್ಟು ಕೊಡಿಸಿದರು ಎಂದು ಕೇಳಿರಲಿಲ್ಲ. ಆಮೇಲೆ ಆತ ಕೆಲಸ ಬಿಟ್ಟು ಸೂರತ್ತಿನ ಕಡೆ ಹೋದ. ಆತನಿಂದ ಬೇರೆಯಾದ ಹೆಂಡತಿಗೆ ಎರಡು ಮಕ್ಕಳಿದ್ದವೆಂದು ಎಷ್ಟೋ ದಿನದ ಮೇಲೆ ಯಾರೋ ಹೇಳಿದ್ದರು. ಆ ತಪ್ಪನ್ನು ಈಗ ಸರಿಪಡಿಸುವಂತಿರಲಿಲ್ಲ. ಇನ್ನೊಂದು ಸಲ ಮಾಡಬಾರದು ಎಂಬುದು ಮಾತ್ರ ಅವಳ ಕೈಯಲ್ಲಿತ್ತು.

ಶನಿವಾರ ಕಚೇರಿಗೆ ತಾರಾಳ ಫೋನ್ ಬಂತು.

“ಅಕ್ಕಾ, ಸರ್ಟಿಫಿಕೇಟ್ ನೀವೇ ಬರೆಯೋದು ಅಂತ ಗೊತ್ತಾಯಿತು. ಬೋನಸ್ಸು, ಓವರ್‌ಟೈಮು ಯಾವುದನ್ನೂ ಬಿಡಬೇಡಿ. ಆದರೆ ಸಾಲದ ಕಡಿತ ಗಿಡಿತ ತೋರಿಸೋಕೆ ಹೋಗಬೇಡಿ. ಅದೆಲ್ಲ ಅವರು ಕಟ್ಟಿದ ಕತೆ. ಶಾಲೆ ಫೀಸು, ಬಾಡಿಗೆ, ಬಟ್ಟೆಬರೆ ಎಲ್ಲ ನಾನೊಬ್ಬಳೇ ನಿಭಾಯಿಸ್ತಿದೀನಿ.”

“ಅವರು ಮಗೂನ ನೋಡೋಕೆ ಬಂದಾಗ ವಾಪಸ್ ಕಳಿಸಿದೆಯಂತೆ?”

“ಹೌದು ಅಕ್ಕಾ, ಎರಡು ಸಲ. ನಾನೂರು ರೂಪಾಯಿಗೆ ಅಪ್ಪ ಅನ್ನಿಸಿಕೊಳ್ಳೋಕೆ ಬಂದ ಅಂತ ಸಿಟ್ಟು ಬಂತು.”

“ಬರೀ ನಿನ್ನದು ಅಥವಾ ಬರೀ ಅವರದು ಅಂತ ಬರೆಯೋಕೆ ಬರಲ್ಲ ತಾರಾ. ಇದ್ದದ್ದನ್ನ ಇದ್ದ ಹಾಗೆ ಬರೀತೀನಿ.”

ಫೋನು ಕುಕ್ಕಿದ ಸದ್ದು ಕೇಳಿತು. ಹೀಗೆ ಇಬ್ಬರೂ ತಂತಮ್ಮ ಕಡೆಯ ಅರ್ಧವನ್ನೇ ಬರೆಯಲು ಕೇಳಿದ ಮೇಲೆ ಮೇದಿನಿಗೆ ಅಳುಕು ಉಳಿಯಲಿಲ್ಲ. ಅವತ್ತೇ ಕಾಗದ ಟೈಪು ಮಾಡಿದಳು. ಬೇಸಿಕ್, ಪ್ರತಿಯೊಂದು ಭತ್ಯೆ, ಆರು ತಿಂಗಳ ಓವರ್‌ಟೈಮಿನ ಸರಾಸರಿ. ಒಟ್ಟು ಎಂಟು ಸಾವಿರದ ಆರುನೂರು. ಕೆಳಗೆ ಕಡಿತಗಳು: ಪ್ರಾವಿಡೆಂಟ್ ಫಂಡ್, ತೆರಿಗೆ, ಅನಿಲ್ ತನ್ನ ತಂದೆಯ ಶಸ್ತ್ರಚಿಕಿತ್ಸೆಗೆ ಕಾರ್ಖಾನೆಯಿಂದ ಪಡೆದ ಸಾಲದ ಕಂತು. ಕೈಗೆ ಸಿಗುವುದು ಆರು ಸಾವಿರದ ನಾನೂರು.

ಸೋಮವಾರ ಅನಿಲ್ ನಿಂತಲ್ಲೇ ಅದನ್ನು ಓದಿದ.

“ನೀವು ನನ್ನವರು ಅಂದುಕೊಂಡಿದ್ದೆ.”

“ಅಂದುಕೊಂಡಿದ್ದು ಸರಿಯಾಗೇ ಇದೆ. ಅದಕ್ಕೇ ನಿಮ್ಮ ಸಾಲದ ಕಂತನ್ನೂ ಬಿಟ್ಟಿಲ್ಲ.” ಮೇದಿನಿಯ ದನಿ ಗಟ್ಟಿಯಾಗಿತ್ತು. “ಬೇಸಿಕ್ ಒಂದೇ ಬರೆಯೋ ಪತ್ರ ಬೇಕಾದರೆ ಮ್ಯಾನೇಜರ್ ಹತ್ತಿರ ಕೇಳಿ. ನನ್ನ ಸಹಿ ಅದರ ಮೇಲೆ ಬೀಳಲ್ಲ.”

ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದವನು ಮತ್ತೆ ಅವರ ಮನೆ ಕಡೆ ತಲೆ ಹಾಕಲಿಲ್ಲ. ಗಣೇಶನ ಹಬ್ಬಕ್ಕೆ ಕರೆಯಲು ಹೋದ ಸುಬ್ರಹ್ಮಣ್ಯ ಒಬ್ಬನೇ ವಾಪಸಾಗಿ, ಎರಡು ದಿನ ಹೆಂಡತಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೇದಿನಿಗೂ ಸಂಕಟವಾಗುತ್ತಿತ್ತು. ಸಂಬಳದ ದಿನ ಲಕೋಟೆ ಪಡೆಯುವಾಗ ಅನಿಲ್ ಅವಳ ಮುಖ ನೋಡುತ್ತಿರಲಿಲ್ಲ. ಆದರೂ ಇನ್ನೊಮ್ಮೆ ಬರೆಯುವ ಪ್ರಸಂಗ ಬಂದರೆ ಅದನ್ನೇ ಬರೆಯುತ್ತೇನೆಂಬುದು ಅವಳಿಗೆ ಖಚಿತವಿತ್ತು.

ಡಿಸೆಂಬರಿನ ಸಂಬಳದ ದಿನ ಅನಿಲ್ ಸಾಲಿನ ಕೊನೆಯಲ್ಲಿ ನಿಂತು ಲಕೋಟೆ ಪಡೆದು, ಎಲ್ಲರೂ ಹೋದ ಮೇಲೆ ಒಳಗೆ ಬಂದ.

“ಹೋದ ವಾರ ಕೇಸು ಮುಗೀತು,” ಎಂದ. ಮೇದಿನಿ ಪೆನ್ನು ಕೆಳಗಿಟ್ಟಳು.

“ಮೂರು ತಿಂಗಳು ನಿಮ್ಮ ಕಾಗದ ಬೀರುವಿನಲ್ಲೇ ಇತ್ತು. ಮ್ಯಾನೇಜರ್ ಹತ್ತಿರ ಹೋಗೋಣ ಅಂತ ಎಷ್ಟೋ ಸಲ ಎದ್ದೆ, ಮತ್ತೆ ಕೂತೆ. ಅದನ್ನೇ ತೊಗೊಂಡು ಕೋರ್ಟಿಗೆ ಹೋದೆ. ಆಗಲೂ ಕೊಡೋದೋ ಬೇಡವೋ ಅಂತಲೇ ಯೋಚನೆ. ವರಾಂಡದ ಆ ತುದೀಲಿ ಮನಸ್ವಿನಿ ನಿಂತಿದ್ದಳು. ಕೈ ಬೀಸಿದೆ. ನೋಡಿದಳು, ಕೈ ಎತ್ತಲಿಲ್ಲ. ತಾರಾ ನನ್ನ ಮೇಲೆ ಅವಳ ತಲೆಗೆ ಏನೇನೋ ತುಂಬಿಸಿದಾಳೆ ಅಂತ ಹೊಟ್ಟೆ ಉರೀತು. ಹತ್ತಿರ ಹೋದೆ. ನಾಲ್ಕು ಹೆಜ್ಜೆ ದೂರ ಇದ್ದಾಗ ‘ಪಪ್ಪಾ!’ ಅಂತ ಓಡಿಬಂದು ಅಪ್ಪಿಕೊಂಡಳು. ಅವಳಿಗೆ ದೂರದ್ದು ಕಾಣಿಸ್ತಿರಲಿಲ್ಲ ಮೇದಿನಿಯವರೇ. ಕನ್ನಡಕ ಬೇಕು ಅಂತ ಡಾಕ್ಟರು ಬರೆದುಕೊಟ್ಟು ಎಷ್ಟೋ ದಿನ ಆಗಿದೆ. ‘ಮುಂದಿನ ತಿಂಗಳು, ಮುಂದಿನ ತಿಂಗಳು’ ಅಂತ ತಾರಾ ಮುಂದೂಡ್ತಿದ್ದಳು.”

ಅವನು ಕುರ್ಚಿ ಎಳೆದುಕೊಂಡು ಕೂತ.

“ನಿಮ್ಮ ಕಾಗದ ವಕೀಲರಿಗೆ ಕೊಡಲಿಲ್ಲ. ಅಲ್ಲೇ ತಾರಾಳ ಕೈಗೇ ಕೊಟ್ಟೆ. ಓದಿ, ‘ಮಾವನವರಿಗೆ ಆಪರೇಷನ್ ಆಯಿತಾ? ನನಗೆ ಯಾರೂ ಹೇಳಲೇ ಇಲ್ಲ’ ಅಂದಳು. ಆಮೇಲೆ ತನ್ನ ಸಂಬಳದ ಚೀಟಿ ತೆಗೆದು ತೋರಿಸಿದಳು. ಕೈಗೆ ಬರೋದು ನಾಲ್ಕು ಸಾವಿರದ ಎಂಟುನೂರು. ಮಗಳ ಖರ್ಚು ಎರಡು ಸಾವಿರದ ನೂರು. ಇಬ್ಬರ ಸಂಬಳಕ್ಕೆ ತಕ್ಕ ಹಾಗೆ ಹಂಚಿದ್ವಿ. ನನ್ನ ಪಾಲು ಸಾವಿರದ ಇನ್ನೂರು, ಅವಳದು ಒಂಬೈನೂರು. ಸಂಬಳ ಏರಿದರೆ ಪಾಲೂ ಏರಬೇಕು. ತಿಂಗಳಿಗೆ ಎರಡು ಭಾನುವಾರ ಮಗು ನನ್ನ ಜೊತೆ. ದುಡ್ಡು ತಡವಾಯಿತು ಅಂತ ಅದನ್ನ ನಿಲ್ಲಿಸಬಾರದು, ನೋಡೋಕೆ ಸಿಗಲಿಲ್ಲ ಅಂತ ದುಡ್ಡನ್ನ ನಿಲ್ಲಿಸಬಾರದು. ಹಾಗೇ ಬರೆದುಕೊಟ್ವಿ. ಜಡ್ಜ್ ಒಪ್ಪಿದರು.”

“ಕನ್ನಡಕ?”

“ಅವತ್ತು ಸಂಜೇನೇ ಮಾಡಿಸೋಕೆ ಹಾಕಿದೆ. ಅವರ ಮನೆ ಬಾಗಿಲಲ್ಲಿ ಬೀಳ್ಕೊಡುವಾಗ ಮಗಳು ‘ತಮೆ ಕ್ಯಾರೇ ಆವಶೋ?’ ಅಂತ ಕೇಳಿದಳು. ಯಾವಾಗ ಬರ್ತೀರಿ ಅನ್ನೋದನ್ನ ಕನ್ನಡದಲ್ಲಿ ಕೇಳೋಕೂ ಬರಲ್ಲ ಅವಳಿಗೆ. ಅದನ್ನಾದರೂ ಕಲಿಸೋಣ ಅಂತ ಭಾನುವಾರ ಹೊರಟಿದೀನಿ.”

ಆಮೇಲೆ ಅವನು ತಾನು ಬಂದ ಕೆಲಸ ಹೇಳಿದ. ಆ ಸಾವಿರದ ಇನ್ನೂರು ತನ್ನ ಕೈಗೆ ಬರುವುದು ಬೇಡ, ಸಂಬಳದಲ್ಲೇ ಹಿಡಿದು ತಾರಾಳ ಹೆಸರಿಗೆ ಡ್ರಾಫ್ಟ್ ಕಳಿಸಲು ಬರುತ್ತದೆಯೇ?

“ಬರುತ್ತೆ. ನೀವು ಒಪ್ಪಿ ಬರೆದುಕೊಡಬೇಕು,” ಎಂದು ಮೇದಿನಿ ಕಡಿತದ ಫಾರಂ ತೆಗೆದು ಮುಂದಿಟ್ಟಳು.

ಅನಿಲ್ ಹೆಸರು, ವಿಭಾಗ, ಮೊತ್ತ ಎಲ್ಲ ತುಂಬಿ, ‘ಕಾರಣ’ ಎಂಬ ಕಡೆ ತಡೆದ. “ಇಲ್ಲಿ ಏನು ಬರೀತಾರೆ?”

“ಬೇರೆಯವರೆಲ್ಲ ಸಾಲ ಅಂತ ಬರೀತಾರೆ. ನೀವು ನಿಮ್ಮದನ್ನ ಬರೀರಿ.”

ಅವನು ಸ್ವಲ್ಪ ಯೋಚಿಸಿ, ‘ಮಗಳು ಮನಸ್ವಿನಿಯ ಖರ್ಚಿನಲ್ಲಿ ನನ್ನ ಪಾಲು’ ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದು ಸಹಿ ಮಾಡಿದ. ಮುಂದಿನ ತಿಂಗಳಿಂದ ಶುರು ಮಾಡಲೇ ಎಂದು ಮೇದಿನಿ ಕೇಳಿದಳು. ಅನಿಲ್ ಬೇಡವೆಂದು ತಲೆಯಾಡಿಸಿ, ಆಗಷ್ಟೇ ಪಡೆದಿದ್ದ ಲಕೋಟೆಯನ್ನು ಒಡೆಯದೆ ಅವಳ ಮೇಜಿನ ಮೇಲಿಟ್ಟ.

“ಈ ತಿಂಗಳಿಂದಲೇ,” ಎಂದ.