ಕಿತ್ತಳೆ, ಆಮೇಲೆ ಲವಂಗ

"ಮೆಲ್ಲಗೆ ಕಣೆ, ಬಳೆ ಒಡೆದಾವು," ಎಂದು ಕ್ಯಾತಮ್ಮ ಹೇಳುವಷ್ಟರಲ್ಲಿ ಸ್ವಪ್ನ ಅವ್ವನ ಎಡಗೈ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು. ಬಿ.ಜಿ. ಕೆರೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಕ್ಯಾತಮ್ಮ, ತೀರಿಕೊಂಡ ಅವ್ವ ಪಾತಮ್ಮನ ತಂಗಿ. ಇಬ್ಬರೂ ಸೇರಿ ನೀರು ಹಾಕಿ, ಅರಿಶಿನ ಹಚ್ಚಿ, ಹಸಿರು ಸೀರೆ ಉಡಿಸಿದ್ದರು. ಸುತ್ತ ಮರೆ ಹಿಡಿದಿದ್ದವರು ಆಗಷ್ಟೇ ದೂರ ಸರಿದಿದ್ದರು.

ದೊಡ್ಡೀರಪ್ಪ ಬಂದು ಹೆಂಡತಿಯ ಕಾಲ ಬಳಿ ನಿಂತ.

"ಸ್ವಪ್ನ, ಆ ಸೆಂಟು ಇನ್ನೂ ಐತೇನವ್ವ ನಿನ್ನತ್ರ?"

ಹೂವು ಕಟ್ಟುತ್ತಿದ್ದ ಹೆಂಗಸರ ಕೈ ನಿಂತಿತು.

"ಪಾಪ," ಎಂದಳು ಕ್ಯಾತಮ್ಮ. "ಅಕ್ಕ ಇದ್ದಾಗ ಸೋಕಿ ಅಂದೆ. ಈಗ ಆ ಸೋಕಿ ನಿನಗೇ ಹತ್ತಿತೇನು ಭಾವ?"

"ಒಂದ್ಸಲ ಅವಳ ಕೈಮ್ಯಾಲೆ ಮೂಸಿ ನೋಡ್ಬೇಕು. ಅಷ್ಟೇಯ."

ಸೆಂಟಿನ ಶೀಶೆ ಸ್ವಪ್ನಳ ಚೀಲದಲ್ಲೇ ಇತ್ತು. ಇದೆ ಎಂದರೆ, ಅವ್ವ ಇಷ್ಟು ದಿನ ಅಪ್ಪನಿಂದ ಮುಚ್ಚಿಟ್ಟಿದ್ದನ್ನೂ ಹೇಳಬೇಕಾಗುತ್ತಿತ್ತು. ಅವಳು ಬಳೆಗಳನ್ನು ಸರಿಪಡಿಸುತ್ತ ತಲೆ ತಗ್ಗಿಸಿದಳು.

*

ಚಳ್ಳಕೆರೆಯ ಫ್ಯಾನ್ಸಿ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಸ್ವಪ್ನ ಆ ಶೀಶೆ ತಂದಿದ್ದಳು. ಬಿಸಿಲಲ್ಲಿ ಕೂತು ಅವ್ವನ ಮಣಿಕಟ್ಟಿಗೆ ಒಂದು ಹನಿ ಹಚ್ಚಿದಳು.

"ಕಿತ್ತಳೆ ಸಿಪ್ಪೆ ಹಿಂಡಿದಂಗೈತೆ," ಎಂದು ಪಾತಮ್ಮ ಮೂಗು ಸುಕ್ಕಿಸಿದಳು. "ಕಣ್ಣಿಗೆ ಸಿಡೀತದೆ ಅನ್ನಂಗೆ."

"ತಡಿ. ಮೈ ಬಿಸಿಗೆ ತಿರುಗ್ತೈತೆ."

ಪಾತಮ್ಮ ಕೊಟ್ಟಿಗೆ ಗುಡಿಸಿ ಬಂದು ಮತ್ತೆ ಮೂಸಿದಳು. ಕಿತ್ತಳೆಯ ಚುರುಕು ಹೋಗಿ, ಲವಂಗ ಚಕ್ಕೆ ಒಲೆಯ ಪಕ್ಕ ಬೆಚ್ಚಗಾದಂಥ ವಾಸನೆ ಎದ್ದಿತ್ತು. ಸ್ವಪ್ನ ತನ್ನ ಕೈಯನ್ನೂ ಮೂಸಿ ನೋಡಿಕೊಂಡಳು. ಅವಳ ಚರ್ಮದ ಮೇಲೆ ಅದು ಬರಿ ಕಷಾಯದಂತಿತ್ತು. ಅವ್ವನ ಮೈಯಲ್ಲಿ ಮಾತ್ರ ಅದಕ್ಕೊಂದು ಸಿಹಿ, ಒಂಚೂರು ಹೊಗೆ, ಉಣ್ಣೆಯ ಬಿಸುಪು.

ಪಾತಮ್ಮ ಗಂಡನ ಮುಂದೆ ಕೈ ಚಾಚಿದಳು. "ಈಗ ಮೂಸು. ಸಂಜಿಕ್ ಇನ್ನೊಂದ್ಸಲ ಮೂಸು. ಬ್ಯಾರೆನೇ ಇರ್ತೈತೆ."

"ಕುರಿ ಈಯೋ ಹೊತ್ನಾಗೆ ಇದೇನೇ? ಮೊದ್ಲು ತೊಳ್ಕಾ," ಎಂದು ದೊಡ್ಡೀರಪ್ಪ ಕೈ ದೂರ ತಳ್ಳಿದ.

ತೊಳೆಯುವುದಕ್ಕೆ ಮನಸ್ಸು ಬರಲಿಲ್ಲವೋ, ಮರೆತಳೋ. ಸಂಜೆ ಚೊಚ್ಚಲ ಕುರಿಯೊಂದು ಈಯಲು ಒದ್ದಾಡಿತು. ಪಾತಮ್ಮ ಅದೇ ಕೈಯಿಂದ ಮರಿಯನ್ನು ಎಳೆದು, ಮೈ ಒರೆಸಿ ತಾಯಿಯ ಮುಂದಿಟ್ಟಳು. ಮರಿಯ ಮೈಗೆ ಅಂಟಿದ ಸೆಂಟನ್ನು ತಾಯಿ ಮೂಸಿತು, ಹಿಂದೆ ಸರಿಯಿತು, ಗುದ್ದಿ ಕೆಡವಿತು. ತಾಯಿ ನೆಕ್ಕಲೆಂದು ಮರಿಗೆ ಉಪ್ಪು ಸವರಿದರು, ಕುರಿಯದೇ ಹಾಲು ಬಳಿದರು. ಅದು ತನ್ನದೆಂದು ಒಪ್ಪಲಿಲ್ಲ. ಬಾಟಲಿ ಹಾಲು ಕುಡಿಯಲು ಮರಿಗೆ ಶಕ್ತಿಯಿರಲಿಲ್ಲ.

"ನಿನ್ ಸೋಕಿಗೆ ಒಂದ್ ಜೀವ ಹೋತು," ಎಂದ ದೊಡ್ಡೀರಪ್ಪ. ಕೂಗಿ ಹೇಳಲಿಲ್ಲ. ಹಾಗೆ ಹೇಳಿದ್ದೇ ಪಾತಮ್ಮನಿಗೆ ನಾಟಿತು. ಅವಳು ಬೂದಿ ಹಾಕಿ ಕೈ ಉಜ್ಜಿ, ಶೀಶೆಯನ್ನು ಮಗಳಿಗೆ ವಾಪಸು ಕೊಟ್ಟಳು.

*

"ಐತೆ ಅಪ್ಪಾ," ಎಂದಳು ಸ್ವಪ್ನ.

ದೊಡ್ಡೀರಪ್ಪನ ತಮ್ಮ ಶಿವಣ್ಣ ಚಟ್ಟದ ಹಗ್ಗ ಬಿಗಿಯುತ್ತಿದ್ದವನು ತಲೆಯೆತ್ತಿದ. "ಗುಂಡಿ ತೋಡಿ ಆಗೈತಣ್ಣ. ದೊಡ್ಡಉಳ್ಳಾರ್ತಿ ನೆಂಟ್ರು ಮುಂದೆ ಹೋಗಿ ಕಾಯ್ತಾ ಕುಂತವ್ರೆ."

"ಕುಂದರ್ಲಿ ಬಿಡಲೇ. ಅವ್ರಿಗೇನು ಬೀಡಿ ಇಲ್ವಾ."

ಯಾರೋ ನಕ್ಕರು. ಸ್ವಪ್ನ ಬಳೆಗಳನ್ನು ಮೇಲೆ ಸರಿಸಿ ಅವ್ವನ ಮಣಿಕಟ್ಟಿಗೆ ಒಂದು ಹನಿ ಹಚ್ಚಿದಳು. ಆಮೇಲೆ, ಇದನ್ನು ಈಗ ಹೇಳದಿದ್ದರೆ ಮುಂದೆಂದೂ ಹೇಳಲಾಗುವುದಿಲ್ಲ ಎನ್ನಿಸಿ, ಒಂದೊಂದೇ ಮಾತು ನೋಡಿಕೊಂಡು ಹೇಳಿದಳು.

"ಸಂತೆಗೆ ಬಂದಾಗೆಲ್ಲ ಅವ್ವ ಅಂಗಡಿಗೆ ಬರೋಳು. ಸುಮ್ನೆ ಕೈ ಚಾಚೋಳು. ಹಚ್ತಿದ್ದೆ. ಲವಂಗಕ್ಕೆ ತಿರುಗೋಗಂಟ ನನ್ ಜತೆ ಕುಂತು, ಬಸ್‌ಸ್ಟ್ಯಾಂಡಿನ ನಲ್ಲೀಲಿ ತೊಳ್ಕಂಡು ಊರಿಗೆ ಬರೋಳು."

ದೊಡ್ಡೀರಪ್ಪ ಮಗಳ ಮುಖ ನೋಡಿದ. "ಪ್ರತಿ ಸಲಾನೂ ತೊಳ್ಕಂಬಿಟ್ಟು?"

"ಹೂಂ."

"ನಾನು ಬಸ್ಸಿನತ್ರ ಕಾಯ್ತಿದ್ನಲ್ಲ. ಒದ್ದೆ ಕೈಯಾಗೇ ಟಿಕೀಟಿಗೆ ಕಾಸು ಇಸ್ಕಣೋಳು."

ಅವನು ಕುಕ್ಕರಗಾಲಲ್ಲಿ ಕೂತು, ಬಾಗಿ, ಹೆಂಡತಿಯ ಮಣಿಕಟ್ಟು ಮೂಸಿದ.

"ಕಿತ್ತಳೆ," ಎಂದ. "ಹೌದು, ಇದನ್ನೇ ಅಂದಿದ್ಲು. ಇನ್ನು ತಿರುಗ್ತೈತೆ."

ಸ್ವಪ್ನ ಶೀಶೆಯ ಮುಚ್ಚಳ ತಿರುವಿದಳು. ಅಂಗಡಿಗೆ ಬಂದವರಿಗೆಲ್ಲ ಅವಳು ದಿನವೂ ಹೇಳುತ್ತಿದ್ದ ಮಾತು ಅದು: ಸೆಂಟು ತಿರುಗುವುದು ಮೈಯ ಬಿಸಿಗೆ. ಕ್ಯಾತಮ್ಮ ಅವಳ ಕಡೆ ನೋಡಿದಳು. ಅವಳಿಗೂ ತಿಳಿಯಿತೋ ಏನೋ, ಹೂವಿನ ದಂಡೆ ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು.

ಹುಲ್ಲುಗಾವಲಿನ ಕಡೆಯಿಂದ ಗಾಳಿ ಬೀಸಿತು. ದೊಡ್ಡೀರಪ್ಪ ಮತ್ತೆ ಬಾಗಿ ಮೂಸಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.

"ಇನ್ನೂ ಕಿತ್ತಳೆನೇಯ."

"ಅಣ್ಣ, ಹೊತ್ತಾಗ್ತೈತೆ," ಎಂದ ಶಿವಣ್ಣ, ಮೆತ್ತಗೆ.

"ಆತು, ಬಂದೆ."

ಆದರೆ ಅವನು ಏಳಲಿಲ್ಲ. ಹೆಗಲ ಮೇಲಿನ ಕಂಬಳಿ ತೆಗೆದು ಅದರ ತುದಿಯನ್ನು ಹೆಂಡತಿಯ ಕೈಗೆ ಸುತ್ತಿದ. ಅದರೊಳಗೆ ತನ್ನ ಎರಡೂ ಅಂಗೈ ತೂರಿಸಿ ಆ ಮಣಿಕಟ್ಟನ್ನು ಹಿಡಿದುಕೊಂಡ. ಹೊರಲು ಬಂದವರು ಚಟ್ಟವನ್ನು ಪಾತಮ್ಮನ ಪಕ್ಕಕ್ಕೆ ತಂದಿಳಿಸಿ, ಅದರ ನಾಲ್ಕು ಮೂಲೆಗಳಲ್ಲಿ ಬಗ್ಗಿದಂತೆಯೇ ನಿಂತರು.