ಯಜಮಾನರ ಒಪ್ಪಿಗೆ

ಬ್ಯಾಡಗಿಯ ಪ್ರೇಮವ್ವ ಹದಿನೆಂಟು ವರ್ಷಗಳಿಂದ ಸ್ವಂತ ಖಾರಪುಡಿ ಗಿರಣಿ ನಡೆಸುತ್ತಿದ್ದಳು. ಗಿರಣಿಯ ಅಂಗಳದಲ್ಲಿ ಇಪ್ಪತ್ತು ಹೆಂಗಸರು ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಸಂಜೆ ಹೊತ್ತಿಗೆ ಅವರ ಬೆರಳು ಎಷ್ಟು ಉರಿಯುತ್ತಿದ್ದವೆಂದರೆ, ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದರು. ಬ್ಯಾಂಕಾಕಿನ ಮಸಾಲೆ ಮೇಳದಲ್ಲಿ ತೊಟ್ಟು ಬಿಡಿಸುವ ಯಂತ್ರ ಸಿಗುತ್ತದೆಂದು ಕೇಳಿ, ಅಲ್ಲಿಗೆ ಹೊರಟಿದ್ದ ವ್ಯಾಪಾರಿಗಳ ಗುಂಪಿನಲ್ಲಿ ತನ್ನ ಹೆಸರನ್ನೂ ಬರೆಸಿದಳು. ಯಂತ್ರ ಬಂದರೆ ಹೆಂಗಸರನ್ನು ಪ್ಯಾಕಿಂಗ್ ಕೆಲಸಕ್ಕೆ ಹಾಕುವುದೆಂದು ಆಗಲೇ ಗೊತ್ತು ಮಾಡಿದ್ದಳು.

ಅದೇ ಗುಂಪಿನಲ್ಲಿ ರಾಣೆಬೆನ್ನೂರಿನ ಯೂಸುಫಸಾಬನೂ ಇದ್ದ. ದುಬೈ, ಕೊಲಂಬೊ ತಿರುಗಿದ್ದ ಹಳೆಯ ವ್ಯಾಪಾರಿ. "ಬರೇ ಕಾರ್ಡ್ ನಂಬಿ ಬರಬ್ಯಾಡ ತಂಗಿ. ನೋಟೂ ಇರ್ಲಿ, ಕಾರ್ಡೂ ಇರ್ಲಿ" ಎಂದಿದ್ದ.

ಹಾವೇರಿಯ ಬ್ಯಾಂಕಿನಲ್ಲಿ ಈ ಮಾತು ಹೇಳಿದಾಗ ಅಲ್ಲಿನ ಅಧಿಕಾರಿ ಪ್ರವೀಣಕುಮಾರ ನಕ್ಕುಬಿಟ್ಟ.

"ಯಾವ ಕಾಲದಾಗ ಅದೀರಿ ಅವ್ವಾರ? ನೋಟು ಕಳೀತಾವು, ಬದಲಿ ಮಾಡೋರು ಕಮಿಷನ್ ಹೊಡೀತಾರ. ಕಾರ್ಡ್ ಒಂದಿದ್ರ ಸಾಕು. ಈ ಫಾರ್ಮಿಗೆ ಸಹಿ ಮಾಡ್ರಿ, ಹೊರದೇಶದಾಗ ನಡಿಯೂಹಂಗ ನಾನ ಚಾಲೂ ಮಾಡ್ತೇನಿ."

ಪ್ರೇಮವ್ವ ಸಹಿ ಮಾಡಿ, ಬ್ಯಾಂಕಿನ ಮೊಹರು ಒತ್ತಿದ ರಸೀದಿ ಇಸಿದುಕೊಂಡಳು. ಚಹಾ, ಊಟಕ್ಕೆ ಆಗುವಷ್ಟು ಮಾತ್ರ ಥಾಯ್ ನೋಟು ಮಾಡಿಸಿದಳು.

ಶನಿವಾರ ಬೆಳಿಗ್ಗೆ ಬ್ಯಾಂಕಾಕಿನ ಹೋಟೆಲಿನಲ್ಲಿ ಠೇವಣಿ ಕೇಳಿದರು. ಕಾರ್ಡ್ ಕೊಟ್ಟಳು. ಕಾರ್ಡ್ ಉಜ್ಜುವ ಯಂತ್ರ ಒಲ್ಲೆನೆಂದಿತು. ಎರಡನೆಯ ಸಲವೂ ಅಷ್ಟೆ, ಮೂರನೆಯ ಸಲವೂ ಅಷ್ಟೆ. ಕೌಂಟರಿನ ಹುಡುಗಿ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟಳು. ಹಿಂದೆ ನಿಂತವರೆಲ್ಲ ನೋಡುತ್ತಿದ್ದರು. ಯೂಸುಫಸಾಬ ಸೊಂಟದ ಚೀಲ ಬಿಚ್ಚಿ ನೋಟು ಎಣಿಸಿಟ್ಟ.

ಪ್ರೇಮವ್ವ ಬ್ಯಾಂಕಿನ ಸಹಾಯವಾಣಿಗೆ ಫೋನ್ ಹಚ್ಚಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ದನಿ, ಕಾರ್ಡ್ ಹೊರದೇಶಕ್ಕೆ ಚಾಲೂ ಆಗಿಲ್ಲ, ನಿಮ್ಮ ಶಾಖೆಗೆ ಭೇಟಿ ಕೊಡಿ ಎಂದಿತು.

"ನಾ ಬ್ಯಾಂಕಾಕಿನ್ಯಾಗ ನಿಂತೇನಿ, ಶಾಖೆ ಹಾವೇರ್ಯಾಗ ಐತಿ! ನಡಕೋತ ಬರ್ಲೇನು?"

ಆ ಕಡೆಯ ದನಿ ಕ್ಷಮೆ ಕೇಳಿ ಫೋನ್ ಇಟ್ಟಿತು. ಮೊಬೈಲಿನಿಂದ ತಾನೇ ಚಾಲೂ ಮಾಡಲು ನೋಡಿದರೆ, ಬರಬೇಕಾದ ಓಟಿಪಿ ಆ ದೇಶದಲ್ಲಿ ಬರಲೇ ಇಲ್ಲ. ಅಂದು ಎರಡನೇ ಶನಿವಾರ, ಮರುದಿನ ರವಿವಾರ. ಶಾಖೆಯ ಫೋನ್ ಎತ್ತುವವರಿರಲಿಲ್ಲ.

ಮೇಳದಲ್ಲಿ ಯಂತ್ರ ಸಿಕ್ಕಿತು. ನೀಟಾಗಿ ತೊಟ್ಟು ಮುರಿಯುತ್ತಿತ್ತು, ಕಾಯಿ ಒಡೆಯುತ್ತಿರಲಿಲ್ಲ. ಮೇಳದ ರಿಯಾಯಿತಿಯಲ್ಲಿ ಒಂದೇ ಒಂದು ಉಳಿದಿತ್ತು, ಇನ್ನೊಂದು ಬೇಕೆಂದರೆ ಮುಂದಿನ ವರ್ಷದ ಮೇಳದವರೆಗೆ ಕಾಯಬೇಕು. ರವಿವಾರ ಸಂಜೆಯೊಳಗೆ ಮುಂಗಡ ಕಟ್ಟಬೇಕು. ಅಷ್ಟು ದೊಡ್ಡ ಮೊತ್ತ ಯೂಸುಫಸಾಬನ ಚೀಲದಲ್ಲೂ ಇರಲಿಲ್ಲ. ಸಂಜೆ ಪ್ರೇಮವ್ವನ ಕಣ್ಣೆದುರಿಗೇ ಬೇರೆ ದೇಶದ ವ್ಯಾಪಾರಿಯೊಬ್ಬ ಕಾರ್ಡ್ ಉಜ್ಜಿ ಆ ಯಂತ್ರವನ್ನು ತನ್ನದಾಗಿಸಿಕೊಂಡ. ಅವಳ ಖಾತೆಯಲ್ಲಿ ಅದರ ಬೆಲೆಯ ಎರಡರಷ್ಟು ರೊಕ್ಕ ಸುಮ್ಮನೆ ಬಿದ್ದಿತ್ತು.

ಊರಿಗೆ ಬಂದ ಮರುದಿನವೇ ಅವಳು ಬ್ಯಾಂಕಿನಲ್ಲಿದ್ದಳು.

"ನೀವು ಪಿನ್ ತಪ್ಪು ಒತ್ತಿರಬೇಕ್ರಿ" ಎಂದ ಪ್ರವೀಣಕುಮಾರ.

ಪ್ರೇಮವ್ವ ರಸೀದಿಯನ್ನು ಮೇಜಿನ ಮೇಲಿಟ್ಟಳು. ಅವನ ಮುಖ ಬಣ್ಣಗೆಟ್ಟಿತು. ಮ್ಯಾನೇಜರು ಬಂದು ಅವನ ಮೇಜಿನ ಖಾನೆ ತೆಗೆಸಿದಾಗ ಫಾರ್ಮ್ ಅಲ್ಲಿಯೇ ಇತ್ತು. ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿತ್ತು: 'ಯಜಮಾನರ ಒಪ್ಪಿಗೆ ಕೇಳುವುದು. ಫೋನ್ ಎತ್ತಲಿಲ್ಲ.'

"ಯಾರ ಒಪ್ಪಿಗಿ?"

"ಹಂಗಲ್ರಿ, ದೊಡ್ಡ ಮೊತ್ತ... ಹೆಣ್ಮಕ್ಕಳು ಒಬ್ಬರ ಹೊರದೇಶಕ್ಕ... ನಿಮ್ಮ ಒಳ್ಳೇದಕ್ಕ ಅಂತ..."

"ಖಾತೆ ನಂದು. ಗಿರಣಿ ನಂದು. ಸಹಿ ನಂದು. ಒಪ್ಪಿಗಿ ನನ್ನ ಗಂಡಂದೇನು?" ಅವಳ ದನಿಗೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. "ಮೊನ್ನೆ ಅವರು ಟ್ರ್ಯಾಕ್ಟರ್ ಸಾಲ ತಗೊಂಡಾಗ ನನಗ ಫೋನ್ ಹಚ್ಚಿದ್ರೇನ್ರಿ?"

ಅವಳು ಅಲ್ಲಿಂದಲೇ ಗಂಡ ಫಕ್ಕೀರಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು. ಅವನು ಮೇಡ್ಲೇರಿಯ ಹೊಲದಲ್ಲಿ ನೀರು ಹಾಯಿಸುತ್ತಿದ್ದ. ಸಂಗತಿ ಕೇಳಿ, "ಅದಕ್ಕ ಫೋನ್ ಬಂದಿತ್ತೇನು? ಆಕಿ ರೊಕ್ಕಕ್ಕ ನನ್ನನ್ಯಾಕ ಕೇಳ್ತೀರೋ?" ಎಂದು ಅವನೂ ಕೂಗಾಡಿದ.

ಮ್ಯಾನೇಜರು ಚಹಾ ತರಿಸಿದರು. ಅವಳು ಮುಟ್ಟಲಿಲ್ಲ. ದೂರಿಗೆಂದು ಇಂಗ್ಲಿಷಿನ ಫಾರ್ಮ್ ಕೊಟ್ಟರು. ಅದನ್ನು ಪಕ್ಕಕ್ಕೆ ಸರಿಸಿ, ಬಿಳಿ ಹಾಳೆ ಕೇಳಿ ಪಡೆದು, ಅಲ್ಲೇ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ನಾಲ್ಕು ಪುಟ ಬರೆದಳು. ಪೆನ್ಸಿಲಿನ ಸಾಲನ್ನು ಅಳಿಸದಂತೆ ಫಾರ್ಮಿನ ನಕಲು ಮಾಡಿಸಿ ಜೊತೆಗೆ ಲಗತ್ತಿಸಿದಳು. ಕಾರ್ಡನ್ನು ತನ್ನೆದುರಿಗೇ ಚಾಲೂ ಮಾಡಿಸಿಕೊಂಡ ಮೇಲೆಯೇ ಎದ್ದಳು.

ಎರಡು ತಿಂಗಳಿಗೆ ಮುಖ್ಯ ಕಚೇರಿಯಿಂದ ತಪ್ಪೊಪ್ಪಿಗೆಯ ಪತ್ರ ಬಂತು, ಸ್ವಲ್ಪ ಪರಿಹಾರವೂ ಬಂತು. ಪ್ರವೀಣಕುಮಾರನ ಮೇಲೆ ಕ್ರಮ ಕೈಗೊಂಡಿದ್ದೇವೆಂದೂ ಬರೆದಿದ್ದರು. ಅಷ್ಟರಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗಿತ್ತು.

"ಗೆದ್ದಿ ಬಿಡ ಅವ್ವಾ" ಎಂದಳು ತೊಟ್ಟು ಬಿಡಿಸುತ್ತಿದ್ದ ಹೊಳಿಯವ್ವ.

"ಏನ್ ಗೆದ್ದೆ? ಈ ಸುಗ್ಗಿ ಪೂರಾ ನಿಮ್ಮ ಕೈ ಉರಿಯೂದು ತಪ್ಪಲಿಲ್ಲಲ್ಲ" ಎಂದು ಪ್ರೇಮವ್ವ ಪತ್ರ ಮಡಚಿಟ್ಟಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.