ಇಸ್ತ್ರಿ ಹಾಕಿದಂಥ ನೀರು

ಬೇಕರಿಯವನು ಮಕ್ಕಳ ಬಟ್ಟೆಯ ಗಂಟನ್ನು ಇಸ್ತ್ರಿ ಅಂಗಡಿಯ ಮೇಜಿನ ಮೇಲಿಟ್ಟ.

"ಅಕ್ಕಾ, ಇವತ್ತೇ ಬೇಕು. ನಾಳೆ ಸಮುದ್ರ ನೋಡೋಕೆ ಹೊರಟಿದ್ದೀವಿ. ಮಕ್ಕಳ ಕಾಲು ನೆಲದ ಮೇಲಿಲ್ಲ."

"ಯಾವ ಬೀಚಿಗೆ?" ಎಂದಳು ಅಕ್ಕ.

"ಸಿಟಿಯೊಳಗಿನ ಬೀಚು ಬೇಡಪ್ಪ. ಸಂತೆ ಅದು. ಸೀಟಿ ಊದೋ ಕಾವಲಿನವರ ಕಾಟ ಬೇರೆ. ಸಿಟಿಯಾಚೆ ಇನ್ನೊಂದಿದೆಯಂತೆ, ಒಂದು ನರಪಿಳ್ಳೇನೂ ಇರಲ್ಲ."

ಅಕ್ಕನ ಕೈ ನಿಂತುಬಿಟ್ಟಿತು. ಬಟ್ಟೆ ಸೀದ ವಾಸನೆ ಬಂದ ಮೇಲೆಯೇ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು. ಗಂಡ ಸಮುದ್ರದಲ್ಲಿ ಮುಳುಗಿ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಅಲ್ಲಿಯವರೆಗೆ ಯಾರ ಬಟ್ಟೆಯನ್ನೂ ಸುಟ್ಟವಳಲ್ಲ.

"ಅಂಥ ಜಾಗಕ್ಕೇ ನಾವೂ ಹೋಗಿದ್ದು" ಎಂದಳು.

ಬೇಕರಿಯವನು ತಡವರಿಸಿದ. "ಅಣ್ಣ ದೊಡ್ಡ ಅಲೆಗೆ ಸಿಕ್ಕಿದ್ರು ಅಂತ ಕೇಳಿದ್ದೆ."

"ಅಲೆಗಲ್ಲಪ್ಪ. ಎರಡೂ ಕಡೆ ಅಲೆ ಬೆಳ್ಳಗೆ ಒಡೀತಿತ್ತು, ನಡುವೆ ಒಂದಿಷ್ಟಗಲ ನೀರು ಸುಮ್ಮನಿತ್ತು. 'ನೋಡೇ, ಇಸ್ತ್ರಿ ಹಾಕಿದ ಹಾಗಿದೆ' ಅಂದ್ರು. ಜೀವಮಾನವೆಲ್ಲ ಸುಕ್ಕು ಬಿಡಿಸಿದವರ ಕಣ್ಣು. ಸುಕ್ಕಿಲ್ಲದ್ದೇ ಒಳ್ಳೇದು ಅಂತ ಅಲ್ಲೇ ಇಳಿದ್ರು. ದಡಕ್ಕೆ ಬಂದ ನೀರು ವಾಪಸ್ ಹೋಗೋ ದಾರಿಯಂತೆ ಅದು. ಎಂಥ ಗಟ್ಟಿಗನನ್ನೂ ಎಳ್ಕೊಂಡು ಹೋಗುತ್ತಂತೆ. ಸಿಟಿ ಬೀಚಿನ ಕಾವಲಿನವರು ಆಮೇಲೆ ಹೇಳಿದ್ರು."

"ನನಗೆ ಈಜು ಬರುತ್ತಲ್ಲಕ್ಕ."

"ಅವರಿಗೂ ಬರ್ತಿತ್ತು. ದಡದ ಕಡೆಗೇ ಕೈ ಬಡಿದು ಬಡಿದು ಸೋತುಹೋದ್ರು. ಸೆಳೆತಕ್ಕೆ ಎದುರು ಈಜಬಾರದಂತೆ. ತೇಲ್ಕೊಂಡು ಕೈಯೆತ್ತಿ ಕೂಗಬೇಕಂತೆ, ದಡದುದ್ದಕ್ಕೆ ಪಕ್ಕಕ್ಕೆ ಸರೀಬೇಕಂತೆ. ಕೂಗಿದ್ರು ಕಣೋ. ಕೇಳೋಕೆ ನಾನೊಬ್ಬಳೇ ಇದ್ದೆ. ನನಗೆ ಈಜು ಬರಲ್ಲ."

ಬೇಕರಿಯವನು ಗಂಟಿನ ಕಡೆ ನೋಡಿದ. ಮೇಲೆ ಚಿಕ್ಕ ಮಗಳ ಲಂಗ ಇತ್ತು. ಅದನ್ನು ಅಂಗೈಯಿಂದ ಸವರಿದ.

"ಸೀಟಿಯವರಿರೋ ಬೀಚಿಗೇ ಹೋಗ್ತೀವಕ್ಕ" ಎಂದ.

"ಕೆಂಪು ಹಳದಿ ಬಾವುಟ ನೆಟ್ಟಿರ್ತಾರೆ, ಅವುಗಳ ನಡುವೆ ಮಾತ್ರ ಇಳೀರಿ. ಬರೀ ಕೆಂಪು ಬಾವುಟ ಕಂಡ್ರೆ ನೀರಿನ ತಂಟೆಗೇ ಹೋಗಬೇಡಿ. ಮಕ್ಕಳ ಕೈ ಬಿಡಬೇಡ."

ಊರಿಗೆ ಮರಳಿದ ಮೇಲೆ ಅವನು ಅದೇ ಬಟ್ಟೆಗಳನ್ನು ಒಗೆಸಿ ತಂದ. ಮಕ್ಕಳೂ ಹಿಂದೆಯೇ ಬಂದು ಅಂಗಡಿ ತುಂಬ ಗಲಾಟೆ ಎಬ್ಬಿಸಿದವು. ಲಂಗದ ಜೇಬಿನಲ್ಲಿ ಇನ್ನೂ ಮರಳಿತ್ತು. ಅಕ್ಕ ಅದನ್ನು ಅಂಗೈಗೆ ಕೊಡವಿಕೊಂಡಳು. ಅಂದು ಗಂಡ ದಡದಲ್ಲಿ ನೀಟಾಗಿ ಮಡಿಸಿಟ್ಟುಹೋದ ಅಂಗಿಯಲ್ಲೂ ಹೀಗೇ ಮರಳಿತ್ತು. ಅಂಗಿ ಮನೆಗೆ ಬಂತು, ತೊಡುವವನು ಬರಲಿಲ್ಲ. ಅವಳು ಆ ಕಡೆ ತಿರುಗಿ ಅತ್ತಳು. ಮಕ್ಕಳಿಗೆ ಅದು ಗೊತ್ತಾಗಲಿಲ್ಲ.

ನೀವೂ ಕಡಲ ತೀರದ ಊರಿಗೆ ಹೊರಟಿದ್ದೀರಾ? ಜನರಿಲ್ಲದ ದಡ ಹುಡುಕಬೇಡಿ. ಜೀವರಕ್ಷಕರಿರುವ ಬೀಚು ಯಾವುದೆಂದು ಮೊದಲೇ ವಿಚಾರಿಸಿ. ಅಲೆಗಳ ನಡುವೆ ಸುಮ್ಮನಿರುವ ನೀರನ್ನು ನಂಬಬೇಡಿ. ಸೀಟಿ ಕೇಳಿದರೆ ಸಿಡುಕದೆ ದಡಕ್ಕೆ ಬನ್ನಿ. ಮನೆಯಿಂದ ಎಷ್ಟು ಜನ ಹೋದಿರೋ ಅಷ್ಟೂ ಜನ ಮನೆಗೆ ಬನ್ನಿ.